ನಾರ್ವೆಯಲ್ಲಿ ಗಾಜಿನ ಬಟ್ಟೆ ಹಾಸಿದ ಆರು ವಾರ

ಶಂಕರಪುರಂ

ಇದು ಆಗೋ ಮಾತಲ್ಲ ಎಂದು ಮೊದಲು ಹೇಳಿದವರು ನಮ್ಮ ಸೋದರಮಾವ ಗೋವಿಂದಪ್ಪ. ಕಲಾಸಿಪಾಳ್ಯದ ತರಕಾರಿ ಮಂಡಿಯಲ್ಲಿ ಮೂಟೆ ಇಳಿಸುವ ಕೆಲಸ ಅವರದು. ಮುಟ್ಟದೆಯೇ ಮೂಟೆಯ ತೂಕ ಹೇಳುವ ಮನುಷ್ಯ. ನನ್ನ ತೂಕವನ್ನೂ ಹಾಗೇ ಹೇಳಿಬಿಟ್ಟರು.

“ಬೆಂಗಳೂರಲ್ಲಿ ಹೊಳೆ ಇಲ್ಲ, ಸಮುದ್ರ ಇಲ್ಲ. ನಮ್ಮ ಮಂಜುಳ ದೋಣಿ ಕಟ್ಟೋದು ಕಲಿಯಕ್ಕೆ ಫಾರಿನ್ನಿಗೆ ಹೋಗ್ತಾಳಂತೆ! ಕಲ್ತು ಬಂದು ಎಲ್ಲಿ ಬಿಡ್ತೀಯೇ, ವೃಷಭಾವತಿ ಮೋರೀಲಾ?”

ಎರಡನೆಯವರು ಎದುರು ಮನೆಯ ನಿವೃತ್ತ ಹೆಡ್‌ಮಾಸ್ಟರು. ಅವರ ಪಂಚೆ, ಜುಬ್ಬಗಳಿಗೆ ಇಪ್ಪತ್ತು ವರ್ಷದಿಂದ ಇಸ್ತ್ರಿ ಹಾಕುತ್ತಿದ್ದವರು ನಮ್ಮಪ್ಪ. ಬಟ್ಟೆ ಕೊಡಲು ಹೋದಾಗ ಅವರು ಕನ್ನಡಕದ ಮೇಲಿಂದ ನೋಡಿ, “ಅಲ್ಲಮ್ಮ, ಅಂಥ ಕಡೆಗೆಲ್ಲ ಎಂಜಿನಿಯರುಗಳನ್ನ ಕಳಿಸ್ತಾರೆ. ನಿನ್ನ ಹೆಸರು ತಪ್ಪಿ ಬಿದ್ದಿರ್ಬೇಕು, ಇನ್ನೊಂದ್ಸಲ ವಿಚಾರಿಸು” ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಿಜವಾಗಿಯೂ ಹಾಗೇ ನಂಬಿದ್ದರು.

ನಾನೂ ವಿಚಾರಿಸಿದೆ, ಸುಳ್ಳೇಕೆ ಹೇಳಲಿ. ಹೆಸರು ನನ್ನದೇ ಆಗಿತ್ತು.

ನಮ್ಮ ಮನೆಯಲ್ಲಿ ಡಿಗ್ರಿ ಎಂಬುದನ್ನು ಮುಗಿಸಿದವಳು ನಾನೇ ಮೊದಲು. ಬಿಎಸ್ಸಿ, ಕೆಮಿಸ್ಟ್ರಿ ತೆಗೆದುಕೊಂಡು. ಗಣಿತದಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದೆ. ಬೆಳಿಗ್ಗೆ ಮನೆಮನೆಗೆ ಇಸ್ತ್ರಿ ಬಟ್ಟೆ ಕೊಟ್ಟು ಅಲ್ಲಿಂದ ನೇರವಾಗಿ ಕಾಲೇಜಿಗೆ ಓಡುತ್ತಿದ್ದೆ. ಶಂಕರಪುರಂನ ಒಂದು ಮೂಲೆಯಲ್ಲಿ ಹೊಂಗೆ ಮರದ ಕೆಳಗೆ ಅಪ್ಪನ ತಳ್ಳುಗಾಡಿ, ಅದರ ಮೇಲೆ ಕೆಂಡದ ಇಸ್ತ್ರಿಪೆಟ್ಟಿಗೆ. ಅಪ್ಪ ಊಟಕ್ಕೆ ಹೋದಾಗ ಪೆಟ್ಟಿಗೆ ನನ್ನ ಕೈಗೆ ಬರುತ್ತಿತ್ತು. ಈಗ ಇದನ್ನು ಬರೆಯಲು ನನಗೆ ಸಂಕೋಚವಿಲ್ಲ. ಆಗ ಇತ್ತು. ಆ ಸಂಕೋಚದ ಕಥೆಯೂ ಈ ಪ್ರವಾಸದೊಳಗೇ ಇದೆ.

ಕೆಲಸ ಸಿಕ್ಕಿದ್ದು ಚಾಮರಾಜಪೇಟೆ ದಾಟಿ ಮೈಸೂರು ರಸ್ತೆ ಕಡೆಗಿದ್ದ ಒಂದು ಫೈಬರ್‌ಗ್ಲಾಸ್ ಶೆಡ್ಡಿನಲ್ಲಿ. ನೀರಿನ ಟ್ಯಾಂಕು, ಪಾರ್ಕಿನ ಜಾರುಬಂಡೆ, ಅಂಗಡಿ ಮುಂದೆ ನಿಲ್ಲಿಸುವ ಆನೆ, ಇವು ನಮ್ಮ ಮಾಲು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಊರಿನ ಕೆರೆಗಳಲ್ಲಿ ಪೆಡಲ್ ದೋಣಿಗಳ ಹುಚ್ಚು ಹತ್ತಿತು. ನಮ್ಮ ಮಾಲೀಕರು ಶ್ರೀಕಂಠಯ್ಯನವರು ಆರ್ಡರ್ ಹಿಡಿದರು. ಮೊದಲ ದೋಣಿ ನೀರಿಗಿಳಿದ ದಿನವೇ ಹೊಟ್ಟೆ ತುಂಬ ನೀರು ಕುಡಿದು ಕೂತುಬಿಟ್ಟಿತು. ಟ್ಯಾಂಕು ಮಾಡುವವರಿಗೆ ನೀರು ಒಳಗಿಡುವುದು ಗೊತ್ತು, ಹೊರಗಿಡುವುದು ಗೊತ್ತಿಲ್ಲ.

ಆಗ ನಮಗೆ ರೆಸಿನ್ ಪೂರೈಸುತ್ತಿದ್ದವರ ಮೂಲಕ ನಾರ್ವೆಯ ಒಂದು ದೋಣಿ ಕಾರ್ಖಾನೆ ಆರು ವಾರದ ತರಬೇತಿಗೆ ಒಬ್ಬರನ್ನು ಕರೆಯಿತು. ರೆಸಿನ್ ಎಂದರೆ ಜೇನುತುಪ್ಪದಂಥ ಅಂಟು. ಅದಕ್ಕೆ ಒಂದಿಷ್ಟು ಕ್ಯಾಟಲಿಸ್ಟ್ ಬೆರೆಸಿದರೆ ತಾನೇ ಬಿಸಿಯಾಗಿ ಕಲ್ಲಾಗುತ್ತದೆ. ಶೆಡ್ಡಿನಲ್ಲಿ ಡಬ್ಬದ ಮೇಲಿನ ಇಂಗ್ಲಿಷ್ ಓದಿ ಅದರಂತೆ ಅಳೆದು ಬೆರೆಸುತ್ತಿದ್ದವಳು ನಾನೊಬ್ಬಳೇ. ಉಳಿದವರದೆಲ್ಲ ಕೈಯಳತೆ.

“ಹೋಗ್ಬಾ. ಸರ್ಟಿಫಿಕೇಟ್ ತಂದ್ರೆ ದೋಣಿ ಸೆಕ್ಷನ್ ಪೂರ್ತಿ ನಿಂಗೆ” ಎಂದರು ಮಾಲೀಕರು. “ಬರಿಗೈಲಿ ಬಂದ್ರೆ ಮತ್ತೆ ಟ್ಯಾಂಕಿಗೆ ಅಂಟು ಕಲಸು. ನಾನು ಏನೂ ಅನ್ನಲ್ಲ. ಊರು ಅನ್ನುತ್ತೆ.”

ಅದೂ ನನಗೆ ಗೊತ್ತಿತ್ತು. ಊರು ಎಂದರೆ ಗೋವಿಂದಪ್ಪ ಮಾವ.

ತೇಲಿದ ಬಸ್ಸು

ವಿಮಾನದ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಹೆದರಿ ಕಣ್ಣು ಮುಚ್ಚಿದ್ದೆ. ಬರ್ಗೆನ್ ಎಂಬ ಊರಿನಲ್ಲಿ ಇಳಿದು ಬಸ್ಸು ಹತ್ತಿದ ಮೇಲೆ ಕಣ್ಣು ಬಿಟ್ಟೆ.

ಬಸ್ಸಿನಲ್ಲಿ ಇಬ್ಬರು ಕೂರುವ ಸೀಟಿನ ಕಿಟಕಿ ಬದಿಯಲ್ಲಿ ಕೂತೆ. ಜನ ಹತ್ತಿದರು. ಒಬ್ಬೊಬ್ಬರೂ ನನ್ನ ಸೀಟನ್ನು ನೋಡಿ, ಮುಂದೆ ಹೋಗಿ ಬೇರೆ ಖಾಲಿ ಸೀಟಿನಲ್ಲಿ ಕೂತರು. ಓಹೋ, ಬಣ್ಣ ನೋಡಿ ದೂರ ಹೋಗ್ತಿದಾರೆ ಎಂದುಕೊಂಡೆ. ಹಾಗೆ ದೂರ ಕೂತವರನ್ನು ನಮ್ಮೂರಲ್ಲೇ ನೋಡಿದ್ದವಳಲ್ಲವೇ. ಆದರೆ ತಿರುಗಿ ನೋಡಿದರೆ ಇಡೀ ಬಸ್ಸಿನಲ್ಲಿ ಯಾರ ಪಕ್ಕದಲ್ಲೂ ಯಾರೂ ಇಲ್ಲ! ಗಂಡಹೆಂಡಿರಂತೆ ಕಂಡ ಇಬ್ಬರು ಕೂಡ ಹಿಂದೆ ಮುಂದೆ ಕೂತಿದ್ದರು. ಒಬ್ಬರ ಪಕ್ಕ ಹೋಗಿ ಕೂತರೆ ಅವರಿಗೆ ತೊಂದರೆ ಕೊಟ್ಟಂತೆ ಎಂಬುದು ಆ ಊರಿನ ಮರ್ಯಾದೆ. ಇಬ್ಬರ ಸೀಟಿನಲ್ಲಿ ಮೂವರು ಕೂತು, ನಾಲ್ಕನೆಯವರ ಮಗುವನ್ನು ತೊಡೆ ಮೇಲೆ ಇಟ್ಟುಕೊಳ್ಳುವ ಕಲಾಸಿಪಾಳ್ಯದ ಬಸ್ಸುಗಳನ್ನು ನೆನೆದು ನಗು ಬಂತು. ನಿಶ್ಚಿಂತೆಯಿಂದ ನಿದ್ದೆ ಹೋದೆ.

ಎಚ್ಚರವಾದಾಗ ಬಸ್ಸಿನಲ್ಲಿ ಒಬ್ಬರೂ ಇಲ್ಲ. ಡ್ರೈವರೂ ಇಲ್ಲ. ಎಂಜಿನ್ ಸದ್ದಿಲ್ಲ. ಆದರೆ ಕಿಟಕಿಯ ಹೊರಗೆ ನೀರು ಹಿಂದಕ್ಕೆ ಓಡುತ್ತಿದೆ. ಬಸ್ಸು ಸಮುದ್ರಕ್ಕೆ ಬಿದ್ದಿದೆ, ಎಲ್ಲರೂ ಹಾರಿ ತಪ್ಪಿಸಿಕೊಂಡಿದ್ದಾರೆ, ಪಕ್ಕದಲ್ಲಿ ಯಾರೂ ಕೂರದ್ದರಿಂದ ನನ್ನನ್ನು ಎಬ್ಬಿಸುವವರೇ ಇರಲಿಲ್ಲ! “ಅಯ್ಯೋ, ಡ್ರೈವರ್! ಯಾರಾದ್ರೂ ಇದೀರಾ!” ಎಂದು ಕನ್ನಡದಲ್ಲೇ ಕೂಗಿಕೊಂಡೆ. ಬಾಗಿಲು ಬಡಿದೆ. ಅದು ತೆರೆದೇ ಇತ್ತು. ಹೊರಗೆ ನೋಡಿದರೆ ನಮ್ಮ ಬಸ್ಸಿನ ಮುಂದೆ ಒಂದು ಲಾರಿ, ಹಿಂದೆ ಹತ್ತು ಕಾರು. ಬಸ್ಸನ್ನೇ ಹೊತ್ತು ಸಾಗುವ ದೊಡ್ಡ ಹಡಗು ಅದು. ಮೇಲಿನ ಅಂತಸ್ತಿನಲ್ಲಿ ಡ್ರೈವರ್ ಸಮೇತ ಎಲ್ಲರೂ ಕಾಫಿ ಕುಡಿಯುತ್ತಿದ್ದರು. ಕೂದಲು ಕೆದರಿಕೊಂಡು ಬಂದ ನನಗೂ ಡ್ರೈವರ್ ಒಂದು ಲೋಟ ಕಾಫಿ ಹಿಡಿದ. ಹಾಲಿಲ್ಲ, ಸಕ್ಕರೆಯಿಲ್ಲ, ಕಷಾಯ.

ದೋಣಿ ಕಟ್ಟಲು ಬಂದವಳು ಮೊದಲ ದಿನವೇ ದೋಣಿಗೆ ಹೆದರಿ ಕೂಗಿದೆ ಎಂದು ಕಾರ್ಖಾನೆಯಲ್ಲಿ ಮಾತ್ರ ಯಾರಿಗೂ ಹೇಳಲಿಲ್ಲ.

ಅಚ್ಚು

ಕಾರ್ಖಾನೆ ಎಂದರೆ ನೀರಿನ ಅಂಚಿಗೇ ಕಟ್ಟಿದ ಕೆಂಪು ಬಣ್ಣದ ಮರದ ಶೆಡ್ಡು. ಹನ್ನೊಂದು ಜನ. ನನಗೆ ಕಲಿಸಲು ನಿಂತವರು ಮುಖ್ಯ ಕೆಲಸಗಾರ ಓಲಾವ್. ಅರವತ್ತರ ಆಸುಪಾಸಿನ, ಬೆಳಿಗ್ಗೆ ಒಂದು ಮಾತಾಡಿದರೆ ಇನ್ನೊಂದನ್ನು ಮಧ್ಯಾಹ್ನಕ್ಕೆ ಉಳಿಸಿಕೊಳ್ಳುವಂಥವರು. ಜೊತೆಗೆ ಕೆಲಸ ಮಾಡಿದವಳು ಇಂಗ್ರಿಡ್. ನನಗಿಂತ ಹತ್ತು ವರ್ಷ ದೊಡ್ಡವಳು, ತೋಳು ಗೋವಿಂದಪ್ಪ ಮಾವನ ತೋಳಿನಂತೆ, ನಗು ಇಡೀ ಶೆಡ್ಡಿಗೆ ಕೇಳುವಂತೆ.

ಓಲಾವ್ ಮೊದಲ ದಿನ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: “ಹದಿನಾಲ್ಕಡಿ ದೋಣಿ. ಮೇಣದಿಂದ ನೀರಿನ ತನಕ ನಿನ್ನ ಕೈಯಿಂದಲೇ ಆಗಬೇಕು. ಕೊನೇ ವಾರ ಪರೀಕ್ಷಕರು ಬಂದು ತಟ್ಟಿ ನೋಡ್ತಾರೆ. ಪಾಸಾದರೆ ಸರ್ಟಿಫಿಕೇಟು.”

“ಆಗದಿದ್ದರೆ?”

“ದೋಣಿಯನ್ನ ಗರಗಸದಲ್ಲಿ ಕುಯ್ತೀವಿ.”

ಫೈಬರ್‌ಗ್ಲಾಸ್ ದೋಣಿಯನ್ನು ಹೇಗೆ ಮಾಡುತ್ತಾರೆ ಎಂದು ಊರಲ್ಲಿ ಕೇಳಿದವರಿಗೆಲ್ಲ ನಾನು ಇಡ್ಲಿ ತಟ್ಟೆಯಿಂದ ಶುರು ಮಾಡುತ್ತೇನೆ. ದೋಣಿಯ ಆಕಾರದ ದೊಡ್ಡ ಗುಳಿ ಇರುತ್ತದೆ, ಅದೇ ಅಚ್ಚು. ಇಡ್ಲಿ ಅಂಟದಿರಲು ಎಣ್ಣೆ ಸವರುವಂತೆ ಅಚ್ಚಿನೊಳಗೆ ಮೇಣ ಸವರಬೇಕು. ಅಮ್ಮ ಒಂದು ಕೈ ಸವರಿದರೆ ಮುಗಿಯಿತು. ಓಲಾವ್ ಎಂಟು ಕೈ ಸವರಿಸಿದರು. ಸವರು, ಒಣಗಲಿ, ಉಜ್ಜು, ಮತ್ತೆ ಸವರು. ನಾಲ್ಕನೇ ದಿನ ಅಚ್ಚಿನಲ್ಲಿ ನನ್ನ ಮೂಗುಬೊಟ್ಟು ಕಾಣಿಸಿತು. ಓಲಾವ್ ಬಂದು ಬಾಗಿ ನೋಡಿ ತಮ್ಮ ಕೂದಲು ಸರಿಮಾಡಿಕೊಂಡು ಹೋದರು. ಅದು ಒಪ್ಪಿಗೆ ಎಂದು ಇಂಗ್ರಿಡ್ ಹೇಳಿದ ಮೇಲೆಯೇ ನನಗೆ ತಿಳಿದದ್ದು.

ಮೇಣದ ಮೇಲೆ ಬಿಳಿ ಲೇಪ. ಜನ ನೋಡಿ ಮೆಚ್ಚುವ ದೋಣಿಯ ಹೊರಮೈ ಎಲ್ಲಕ್ಕಿಂತ ಮೊದಲು ಆಗುವುದು, ಎಲ್ಲಕ್ಕಿಂತ ಕೊನೆಗೆ ಕಾಣುವುದು. ಹೊರಗಿನಿಂದ ಒಳಕ್ಕೆ ಕಟ್ಟುವ ಕೆಲಸ ಇದು. ಬೆರಳಿಗೆ ಜಿಗುಟು ಹತ್ತಬೇಕು, ಆದರೆ ಬೆರಳಿಗೆ ಬಣ್ಣ ಬರಬಾರದು. ಆ ಹದ ಬಂದಾಗ ಗಾಜಿನ ಬಟ್ಟೆ ಹಾಸಲು ಶುರು. ಗಾಜನ್ನು ಕೂದಲಿಗಿಂತ ಸಣ್ಣಗೆ ಎಳೆದು ಬಟ್ಟೆ ಮಾಡಿರುತ್ತಾರೆ. ಒಂದು ಪದರ ಕಂಬಳಿಯಂತೆ, ಇನ್ನೊಂದು ಪದರ ಚಾಪೆಯಂತೆ ನೇಯ್ದದ್ದು. ಬಟ್ಟೆ ಹಾಸು, ರೆಸಿನ್ ಕುಡಿಸು, ಗಾಳಿಗುಳ್ಳೆ ಒಂದೂ ಉಳಿಯದಂತೆ ಕಬ್ಬಿಣದ ರೋಲರ್ ಉರುಳಿಸು. ಒಣಗಿದ್ದಾಗ ಬೆಳ್ಳಗಿರುವ ಬಟ್ಟೆ ರೆಸಿನ್ ಕುಡಿದ ಮೇಲೆ ಮಾಯವಾಗಿ ಗಾಜಿನಂತೆ ತಿಳಿಯಾಗುತ್ತದೆ. ನೋಡಲು ಬಲು ಚೆಂದ.

ಬಟ್ಟೆ ಎಂದ ಮೇಲೆ ನನ್ನ ಕೈ ತಾನೇ ಓಡಿತು. ಅಂಚು ಹಿಡಿದು ಒಂದು ಸಲ ಕೊಡವಿ, ನೆರಿಗೆ ಬೀಳದಂತೆ ಹಾಸಿ, ಅಂಗೈಯಿಂದ ನಡುವಿನಿಂದ ಅಂಚಿಗೆ ತಳ್ಳಿದೆ. ಇಂಗ್ರಿಡ್ ರೋಲರ್ ಹಿಡಿದು ನಿಂತೇಬಿಟ್ಟಳು.

“ಇದು ಮೊದಲ ಸಲ ಅಲ್ಲ. ಮೊದಲು ಏನು ಕೆಲಸ ಮಾಡ್ತಿದ್ದೆ?”

ಇಸ್ತ್ರಿ ಎಂದು ಹೇಳಬಹುದಾಗಿತ್ತು. ಬಾಯಿ ಬರಲಿಲ್ಲ. “ಲ್ಯಾಬೊರೇಟರಿ” ಎಂದೆ. ಇಂಗ್ರಿಡ್ ಹುಬ್ಬೇರಿಸಿ ಮತ್ತೆ ರೋಲರ್ ಉರುಳಿಸಿದಳು.

ಊಟದ ಪೊಟ್ಟಣ

ಹನ್ನೊಂದೂವರೆಗೆ ಗಂಟೆ ಹೊಡೆದರೆ ಎಲ್ಲರೂ ಮನೆಯಿಂದ ತಂದ ಪೊಟ್ಟಣ ಬಿಚ್ಚುತ್ತಾರೆ. ನಾಲ್ಕು ಚೂರು ಬ್ರೆಡ್ಡು, ಒಂದಕ್ಕೊಂದು ಅಂಟದಂತೆ ನಡುವೆ ಅಳತೆಗೆ ಕತ್ತರಿಸಿದ ತೆಳು ಕಾಗದ. ಅಂಟದಂತೆ ನೋಡಿಕೊಳ್ಳುವುದರಲ್ಲಿ ಈ ಜನಕ್ಕೆ ಜನ್ಮಸಿದ್ಧ ಜ್ಞಾನ ಇದೆ ಎಂದು ಆಗಲೇ ತೀರ್ಮಾನಿಸಿದೆ. ಬ್ರೆಡ್ಡಿನ ಮೇಲೆ ಕಂದು ಬಣ್ಣದ ಚೀಸು. ಹಾಲು ಸೀದು ಹೋದ ಕೋವಾದಂಥ ರುಚಿ. ಮೊದಲ ದಿನ ಮುಖ ಹಿಂಡಿದೆ, ಮೂರನೇ ವಾರಕ್ಕೆ ಎರಡು ಚೂರು ಜಾಸ್ತಿ ಹಾಕಿಕೊಳ್ಳುತ್ತಿದ್ದೆ.

ಆದರೆ ಹನ್ನೊಂದು ಜನ ಒಂದೇ ಮೇಜಿಗೆ ಕೂತು, ಒಬ್ಬರೂ ಇನ್ನೊಬ್ಬರಿಗೆ ‘ತಗೊಳ್ಳಿ’ ಎನ್ನುವುದಿಲ್ಲ. ನಮ್ಮಲ್ಲಿ ಡಬ್ಬಿ ಮುಚ್ಚಳ ತೆಗೆಯುವ ಮೊದಲೇ ಪಕ್ಕದವರ ಕಡೆ ತಿರುಗುತ್ತೇವೆ. ಅವರು ಬೇಡ ಎನ್ನುತ್ತಾರೆ, ಆಮೇಲೆ ತಿನ್ನುತ್ತಾರೆ. ನಾನು ಮೀನಿಗೆ ಊರಿಂದ ತಂದ ಖಾರದಪುಡಿ ಹಚ್ಚಿ ಹುರಿದುಕೊಂಡು ಹೋಗಿದ್ದೆ. ಡಬ್ಬಿಯನ್ನು ಮೇಜಿನ ನಡುವೆ ತಳ್ಳಿದೆ. ಹತ್ತು ಜನ ಅದನ್ನು ಬಾಂಬಿನಂತೆ ನೋಡಿದರು. ಓಲಾವ್ ಮಾತ್ರ ಸಭ್ಯತೆಗೆ ಒಂದು ಚೂರು ಬಾಯಿಗಿಟ್ಟುಕೊಂಡರು. ಮುಖ ಶೆಡ್ಡಿನ ಬಣ್ಣಕ್ಕೆ ತಿರುಗಿತು. ಎದ್ದು ಹೋಗಿ ನೀರು ಕುಡಿದು, ವಾಪಸ್ ಬಂದು ಕೂತು, ಏನೂ ಆಗದವರಂತೆ ಬ್ರೆಡ್ಡು ತಿಂದರು.

“ಹೇಗಿತ್ತು?” ಎಂದೆ.

“ಕ್ಯಾಟಲಿಸ್ಟ್ ಜಾಸ್ತಿ” ಎಂದರು.

ಆ ದಿನದ ಮಧ್ಯಾಹ್ನದ ಮಾತು ಅದೇ.

ಶುಕ್ರವಾರ ಮೂರೂವರೆ

ಗಾಜಿನ ಎಳೆ ಚರ್ಮಕ್ಕೆ ಹೊಕ್ಕರೆ ತುರಿಕೆ ಎಂದರೆ ತುರಿಕೆ. ಬಾಗಿಲ ಬಳಿ ತಣ್ಣೀರಿನ ಬಕೆಟ್ಟು ಇಟ್ಟಿರುತ್ತಾರೆ. ಮೊಣಕೈವರೆಗೆ ಮುಳುಗಿಸಿ, ಟವೆಲಿನಿಂದ ಪೂರ್ತಿ ಒರೆಸಿಕೊಂಡು ವಾಪಸ್ ಬರಬೇಕು. ರೆಸಿನ್ನಿಗೂ ನೀರಿಗೂ ಆಗದು. ನೀರಿನ ಅಂಶವಿದ್ದ ಕಡೆ ಅದು ಹಿಡಿಯುವುದಿಲ್ಲ, ಪದರ ಬಿಟ್ಟುಕೊಳ್ಳುತ್ತದೆ. ಇದು ನನಗೆ ಪುಸ್ತಕದಿಂದಲೂ ಗೊತ್ತು, ಓಲಾವ್ ಹೇಳಿದ್ದರಿಂದಲೂ ಗೊತ್ತು.

ಐದನೇ ವಾರದ ಶುಕ್ರವಾರ. ಮುಂದಿನ ಗುರುವಾರ ಪರೀಕ್ಷಕರು ಬರುವವರು, ಶುಕ್ರವಾರ ನನ್ನ ವಿಮಾನ. ನಾಲ್ಕು ಪದರ ಮುಗಿದಿತ್ತು. ಐದನೆಯದು, ಚಾಪೆಯಂಥ ದಪ್ಪ ಬಟ್ಟೆ, ದೋಣಿಯ ಮೂತಿಯ ಹತ್ತಿರ ಎರಡು ಕಡೆಯ ಬಾಗು ಸೇರುವಲ್ಲಿ ಎಷ್ಟು ತಳ್ಳಿದರೂ ಒಂದು ನೆರಿಗೆ ಎದ್ದೇಳುತ್ತಿತ್ತು. ಅಷ್ಟರಲ್ಲಿ ತುರಿಕೆ ತಡೆಯಲಾರದೆ ಹೋಗಿ ಕೈ ಮುಳುಗಿಸಿ ಬಂದೆ. ನೆರಿಗೆ ಹಾಗೇ ಕೂತಿತ್ತು. ಅದನ್ನು ನೋಡುತ್ತಾ ನೋಡುತ್ತಾ ನನ್ನ ಕೈ, ಹೊಂಗೆ ಮರದ ಕೆಳಗೆ ಸಾವಿರಾರು ಸಲ ಮಾಡಿದಂತೆ, ಬೆರಳು ಕೂಡಿಸಿ ಚಟ್ ಚಟ್ ಎಂದು ನೀರು ಚಿಮುಕಿಸಿತು. ಅಂಗೈ ಒತ್ತಿ ಎಳೆಯಿತು. ನೆರಿಗೆ ಮಾಯ! ಮೊಂಡು ಕಾಲರ್ ಮಣಿದಾಗ ಆಗುವಂಥ ಸಂತೋಷವೇ ಆಯಿತು. ಅದೇ ಸಂತೋಷದಲ್ಲಿ ರೆಸಿನ್ ಸುರಿದು ರೋಲರ್ ಎಳೆದೆ.

ಸುತ್ತಲಿನ ಬಟ್ಟೆಯೆಲ್ಲ ತಿಳಿಯಾಯಿತು. ಮೂತಿಯ ಹತ್ತಿರ ಊಟದ ತಟ್ಟೆಯಷ್ಟು ಜಾಗ ಮಾತ್ರ ಮಜ್ಜಿಗೆಯ ಬಣ್ಣಕ್ಕೆ ನಿಂತಿತು. ಇನ್ನೊಮ್ಮೆ ರೋಲರ್ ಎಳೆದೆ. ಮಜ್ಜಿಗೆ ಮಜ್ಜಿಗೆಯೇ. ನನ್ನ ಕೈ ನೋಡಿಕೊಂಡೆ. ಮಣಿಕಟ್ಟಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಆಗ ಮೂರೂವರೆ. ಶುಕ್ರವಾರ ಮೂರೂವರೆಗೆ ಆ ದೇಶ ಬೀಗ ಹಾಕಿಕೊಂಡು ಬೆಟ್ಟಕ್ಕೆ ಹೋಗಿಬಿಡುತ್ತದೆ. ಯಾರೂ ನೋಡಿರಲಿಲ್ಲ. ಆರನೇ ಪದರದ ಬಟ್ಟೆ ಕತ್ತರಿಸಿ ಇಟ್ಟಿತ್ತು. ಅದನ್ನು ಹಾಸಿದರೆ ಅರ್ಧ ಮುಚ್ಚುತ್ತದೆ, ಒಳಗಿನ ಬೂದು ಬಣ್ಣ ಬಳಿದರೆ ಪೂರ್ತಿ ಮುಚ್ಚುತ್ತದೆ. ಪರೀಕ್ಷಕರ ಕಿವಿಗೆ ತಪ್ಪಿದರೂ ತಪ್ಪೀತು. ಬಟ್ಟೆಯನ್ನು ಎತ್ತಿಕೊಂಡೆ ಕೂಡ. ಎರಡೂ ಅಂಚು ಹಿಡಿದು ಅಚ್ಚಿನ ಮೇಲೆ ಬಾಗಿದೆ. ಶ್ರೀಕಂಠಯ್ಯನವರ ಮುಖ, ಮಾವನ ಮುಖ, ಹೆಡ್‌ಮಾಸ್ಟರ ಮುಖ ಸಾಲಾಗಿ ಬಂದವು. ಆಮೇಲೆ, ಈ ದೋಣಿಯ ಮೂತಿಯಲ್ಲಿ ಕೂರುವವರು ಯಾರೋ ಅನ್ನಿಸಿತು. ಅವರ ಮುಖ ನನಗೆ ಗೊತ್ತಿರಲಿಲ್ಲ, ಅದೇ ಕಷ್ಟವಾಯಿತು.

ಬಟ್ಟೆ ಬಿಸಾಕಿ ಓಡಿದೆ. ಓಲಾವ್‌ರ ಕಾರು ಗೇಟು ದಾಟುತ್ತಿತ್ತು. ಹಿಂದಿನಿಂದ ಕೈ ಬೀಸಿಕೊಂಡು ಓಡಿದೆ, ಏಪ್ರನ್ನಿನಲ್ಲೇ. ಅವರು ನಿಲ್ಲಿಸಿ ಕಿಟಕಿ ಇಳಿಸಿದರು.

“ಬಟ್ಟೆಗೆ ನೀರು ಹಾಕಿಬಿಟ್ಟೆ” ಎಂದೆ, ಏದುಸಿರಿನಲ್ಲಿ.

“ಬಿತ್ತಾ?”

“ಇಲ್ಲ. ಹಾಕಿದೆ.”

ಎಂಜಿನ್ ಆರಿಸಿ ಇಳಿದರು. ಒಳಗೆ ಬಂದು ಬಗ್ಗಿ ನೋಡಿದರು. “ಕೆಮಿಸ್ಟ್ರಿ ಓದಿದವಳು ನೀನು. ನೀರು ಯಾಕೆ ಹಾಕಿದೆ?”

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. “ನಮ್ಮಪ್ಪ ಇಸ್ತ್ರಿ ಮಾಡ್ತಾರೆ. ಬೀದಿಯಲ್ಲಿ, ಗಾಡಿ ಮೇಲೆ. ನಾನೂ ಮಾಡ್ತಿದ್ದೆ. ಸುಕ್ಕು ಕಂಡ್ರೆ ಕೈ ತಾನೇ ನೀರು ಚಿಮುಕಿಸುತ್ತೆ” ಎಂದು, ಅವರಿಗೆ ತಿಳಿಯಲೆಂದು ಮೇಜಿನ ಮೇಲೆ ಒಂದು ಚಿಂದಿ ಹಾಸಿ ಮಾಡಿಯೂ ತೋರಿಸಿದೆ. ಪೆಟ್ಟಿಗೆಯ ಬದಲು ನನ್ನ ಊಟದ ಡಬ್ಬಿ ಉಜ್ಜಿದೆ. ಓಲಾವ್ ಆ ಡಬ್ಬಿಯನ್ನು ಎತ್ತಿ ಪಕ್ಕಕ್ಕಿಟ್ಟರು.

“ಹಾಗಾದರೆ ನಿನ್ನ ಕೈ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು” ಎಂದರು. “ಗ್ರೈಂಡರಿನಲ್ಲಿ ಉಜ್ಜಿ ಆ ಜಾಗದ ಐದೂ ಪದರ ತೆಗೀಬೇಕು. ಹೊರಗಿನ ಬಿಳಿ ಲೇಪ ಮುಟ್ಟಬಾರದು. ಸುತ್ತ ಅಗಲವಾಗಿ ಇಳಿಜಾರು ಮಾಡಿ, ಐದೂ ಪದರ ಮತ್ತೆ ಕಟ್ಟು. ನಾಳೆ ನಾನು ಮೀನು ಹಿಡಿಯೋಕೆ ಹೋಗ್ತೀನಿ. ಬೀಗದಕೈ ಬಾಗಿಲ ಚೌಕಟ್ಟಿನ ಮೇಲಿರುತ್ತೆ.”

“ಗುರುವಾರಕ್ಕೆ ಆಗುತ್ತಾ?”

“ಗೊತ್ತಿಲ್ಲ.”

ಅಷ್ಟೇ. ಬೈಯಲಿಲ್ಲ, ಧೈರ್ಯ ಹೇಳಲಿಲ್ಲ. ನಮ್ಮಲ್ಲಾಗಿದ್ದರೆ ಎರಡೂ ಸಿಗುತ್ತಿತ್ತು.

ಶನಿವಾರ

ಶನಿವಾರ ಅಲ್ಲಿ ಯಾರೂ ಕೆಲಸ ಮಾಡುವುದಿಲ್ಲ. ಮಾಡಿದರೆ ಅಕ್ಕಪಕ್ಕದವರು ಆರೋಗ್ಯ ವಿಚಾರಿಸುತ್ತಾರಂತೆ. ನಾನು ಏಳಕ್ಕೆ ಬೀಗ ತೆಗೆದರೆ ಏಳೂಕಾಲಿಗೆ ಇಂಗ್ರಿಡ್ ಬಂದಳು, ಸೈಕಲ್ಲಿನಲ್ಲಿ.

“ಓಲಾವ್ ಫೋನ್ ಮಾಡಿ ಎಲ್ಲ ಹೇಳಿದ್ರು. ಗ್ರೈಂಡರ್ ಒಬ್ಬರೇ ಹಿಡಿಯೋ ಹಾಗಿಲ್ಲ, ಇಲ್ಲಿನ ರೂಲು. ನಾನು ಸುಮ್ಮನೆ ಕೂತಿರ್ತೀನಿ.”

“ನೀನು ಬೆಟ್ಟಕ್ಕೆ ಹೋಗಲ್ವಾ?”

“ಬೆಟ್ಟ ಎಲ್ಲಿಗೂ ಹೋಗಲ್ಲ.” ಆಮೇಲೆ ಕಣ್ಣು ಮಿಟುಕಿಸಿ, “ಲ್ಯಾಬೊರೇಟರಿ! ನಾನು ಅವತ್ತೇ ಅಂದ್ಕೊಂಡೆ. ಯಾವ ಲ್ಯಾಬಲ್ಲಿ ಬಟ್ಟೆ ಹಾಗೆ ಕೊಡವ್ತಾರೆ?” ಎಂದು ಶೆಡ್ಡು ನಡುಗುವಂತೆ ನಕ್ಕಳು.

ಗಾಜಿನ ಧೂಳು ಹಿಟ್ಟಿನ ಗಿರಣಿಯಂತೆ ಎದ್ದಿತು. ಮುಖವಾಡ, ಕನ್ನಡಕ, ಮೈತುಂಬ ಕಾಗದದ ಅಂಗಿ. ಆದರೂ ಎಲ್ಲಿಂದ ಹೊಕ್ಕಿತೋ. ಐದನೇ ಪದರ ತೆಗೆದರೆ ಅದರಡಿ ನಾಲ್ಕನೆಯದಕ್ಕೂ ಸ್ವಲ್ಪ ತಾಗಿತ್ತು. ಕೂದಲೆಳೆಯಷ್ಟು ಅಂದಾಜಿನಲ್ಲಿ ಒಳಗೆ ಹೋಗಬೇಕು. ಒಂದು ಸಲ ಕೈ ಜಾರಿದರೆ ಬಿಳಿ ಲೇಪ ತೂತಾಗಿ ಎಲ್ಲ ಮುಗಿಯಿತು. ಇಲ್ಲಿ ನನ್ನನ್ನು ಉಳಿಸಿದ್ದು ಅಪ್ಪ ಕಲಿಸಿದ ಒಂದು ಅಭ್ಯಾಸ. ಪೆಟ್ಟಿಗೆ ಎಷ್ಟು ಕಾದಿದೆ ಎಂದು ಅಂಗೈಯ ಹಿಂಭಾಗವನ್ನು ಹತ್ತಿರ ತಂದು ನೋಡುತ್ತೇವೆ. ಗ್ರೈಂಡರ್ ಓಡಿದ ಜಾಗವನ್ನು ಹಾಗೇ ನೋಡುತ್ತಾ ಹೋದೆ. ಬಿಸಿ ಏರಿದ ಕಡೆ ನಿಲ್ಲಿಸುವುದು, ಆರಿದ ಮೇಲೆ ಮತ್ತೆ ಹಚ್ಚುವುದು. ಇಂಗ್ರಿಡ್ ಸುಮ್ಮನೆ ಕೂರುತ್ತೇನೆಂದವಳು ಒಂದು ನಿಮಿಷವೂ ಕೂರಲಿಲ್ಲ. ಧೂಳು ಎಳೆಯುವ ಕೊಳವೆ ಹಿಡಿದು ನನ್ನ ಕೈ ಹೋದಲ್ಲೆಲ್ಲ ಬಂದಳು.

ಹನ್ನೊಂದೂವರೆಗೆ ಗಂಟೆ ಹೊಡೆಯುವವರಿಲ್ಲದಿದ್ದರೂ ಆಕೆ ಪೊಟ್ಟಣ ಬಿಚ್ಚಿದಳು. ನಾನು ಅವಸರದಲ್ಲಿ ಏನೂ ತಂದಿರಲಿಲ್ಲ. ಇಂಗ್ರಿಡ್ ನಾಲ್ಕು ಚೂರು ಬ್ರೆಡ್ಡನ್ನು ನೋಡಿದಳು, ನನ್ನನ್ನು ನೋಡಿದಳು, ಕಷ್ಟಪಟ್ಟು ಹೊಸ ಭಾಷೆ ಮಾತಾಡುವವಳಂತೆ ಎರಡನ್ನು ನನ್ನ ಕಡೆ ತಳ್ಳಿದಳು.

“ಬೇಡ” ಎಂದೆ, ಅಭ್ಯಾಸಬಲದಿಂದ.

“ಸರಿ” ಎಂದು ವಾಪಸ್ ಎಳೆದುಕೊಂಡಳು!

“ಅಯ್ಯೋ ಇಲ್ಲ, ಬೇಕು ಬೇಕು. ನಮ್ಮಲ್ಲಿ ಮೊದಲು ಬೇಡ ಅನ್ಬೇಕು.”

“ಎಷ್ಟು ಸಲ?”

“ಎರಡು.”

“ಟೈಮ್ ವೇಸ್ಟ್” ಎಂದು ಬ್ರೆಡ್ಡನ್ನು ನನ್ನ ಕೈಗೇ ತುರುಕಿದಳು.

ಮಧ್ಯಾಹ್ನ ಬಾಗಿಲಲ್ಲಿ ಓಲಾವ್ ಕಾಣಿಸಿಕೊಂಡರು, ಮೀನಿನ ಬೂಟಿನಲ್ಲಿ. ಒಂದು ಸಣ್ಣ ಹೀಟರ್ ತಂದು ಅಚ್ಚಿನ ಮೂತಿಯ ಕಡೆಗೆ ತಿರುಗಿಸಿಟ್ಟರು; ಬೆಚ್ಚಗಿದ್ದರೆ ರೆಸಿನ್ ಬೇಗ ಹಿಡಿಯುತ್ತದೆ. ಹೊರಟೂ ಹೋದರು. ಭಾನುವಾರ ಸಂಜೆಯ ಹೊತ್ತಿಗೆ ಐದೂ ಪದರ ಮತ್ತೆ ಕೂತಿದ್ದವು. ಈ ಸಲ ನೆರಿಗೆಯನ್ನು ಕತ್ತರಿಯಿಂದ ಸೀಳಿ, ಒಂದರ ಮೇಲೊಂದು ಬರುವಂತೆ ಹಾಸಿದೆ. ಮೊದಲೇ ಹಾಗೆ ಮಾಡಬೇಕಿತ್ತು.

ಗುರುವಾರ

ಸೋಮವಾರ ಆರನೇ ಪದರ ಹಾಸಿ, ಮಂಗಳವಾರ ಒಳಗೆ ಬೂದು ಬಣ್ಣ ಬಳಿದು, ಬುಧವಾರ ಅಚ್ಚಿನಿಂದ ದೋಣಿ ಬಿಡಿಸಿದೆವು. ಅಂಚಿನಲ್ಲಿ ಮರದ ಬೆಣೆ ಹೊಡೆದು, ಸಂದಿಗೆ ನೀರು ಬಿಟ್ಟು, ಸುತ್ತ ರಬ್ಬರ್ ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಒಂದು ಕ್ಷಣ ಏನೂ ಇಲ್ಲ, ಆಮೇಲೆ ಒಳಗಿಂದ ‘ಟಕ್’ ಎಂಬ ಸದ್ದು. ಎಂಟು ಕೈ ಮೇಣ ಯಾಕೆಂದು ಆಗ ತಿಳಿಯಿತು. ಎತ್ತಿ ನಿಲ್ಲಿಸಿದಾಗ ಬೆಳ್ಳಗೆ ಹೊಳೆಯುವ ಹದಿನಾಲ್ಕಡಿ. ನಾನು ಮಾಡಿದ್ದು ಎಂದು ನಂಬುವುದಕ್ಕೆ ಒಂದು ಸುತ್ತು ಬರಬೇಕಾಯಿತು.

ಗುರುವಾರ ಬಂದ ಪರೀಕ್ಷಕರು ಸಣ್ಣ ಆಳು, ಕೈಯಲ್ಲಿ ಒಂದು ನಾಣ್ಯ. ಚಾಮರಾಜಪೇಟೆಯಲ್ಲಿ ಮಡಕೆ ಕೊಳ್ಳುವಾಗ ಅಮ್ಮ ಬೆರಳ ಗೆಣ್ಣಿನಿಂದ ತಟ್ಟಿ ಕಿವಿ ಕೊಡುತ್ತಾಳಲ್ಲ, ಅದೇ ವಿದ್ಯೆ. ಗಟ್ಟಿ ಇದ್ದ ಕಡೆ ‘ಟಣ್’, ಒಳಗೆ ಪದರ ಬಿಟ್ಟಿದ್ದರೆ ‘ದಬ್’. ಹಿಂದಿನಿಂದ ತಟ್ಟುತ್ತಾ ಬಂದರು. ಟಣ್, ಟಣ್, ಟಣ್. ದೋಣಿಯ ದಾಖಲೆ ಪುಸ್ತಕದಲ್ಲಿ ಓಲಾವ್ ರಿಪೇರಿಯ ವಿಷಯ ಬರೆದಿಟ್ಟಿದ್ದರು, ಕಾರಣ ಸಮೇತ. ಪರೀಕ್ಷಕರು ಅದನ್ನು ಓದಿ ನನ್ನನ್ನೊಮ್ಮೆ ನೋಡಿ, ಮೂತಿಯ ಹತ್ತಿರ ಕೂತೇಬಿಟ್ಟರು. ಒಳಗೆ ತಟ್ಟಿದರು, ಹೊರಗೆ ತಟ್ಟಿದರು, ಮಂಡಿಯೂರಿ ಅಡಿಯಿಂದ ತಟ್ಟಿದರು. ಇಂಗ್ರಿಡ್ ನನ್ನ ಭುಜ ಹಿಡಿದಿದ್ದಳು, ನೋವಾಗುವಷ್ಟು.

ಟಣ್.

“ಈ ಜಾಗ ಉಳಿದ ದೋಣಿಗಿಂತ ಗಟ್ಟಿ” ಎಂದು ಎದ್ದು ಮಂಡಿ ಕೊಡವಿಕೊಂಡರು.

ನಾನು ಅಳುವುದಕ್ಕೆ ಶುರು ಮಾಡುವಷ್ಟರಲ್ಲಿ ಯಾರೋ ತಲೆಯ ಮೇಲಿಂದ ನೀರಲ್ಲಿ ತೇಲಿಸುವ ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿದರು. ಕಟ್ಟಿದವರೇ ಮೊದಲು ಕೂರಬೇಕಂತೆ, ಅಲ್ಲಿಯ ಪದ್ಧತಿ. ತನ್ನ ದೋಣಿಯನ್ನು ತಾನು ನಂಬದವರ ಕೈಯಿಂದ ಯಾರೂ ಕೊಳ್ಳುವುದಿಲ್ಲ.

“ನಂಗೆ ಈಜು ಬರಲ್ಲ” ಎಂದೆ.

“ದೋಣಿಗೆ ಬರುತ್ತೆ” ಎಂದರು ಓಲಾವ್.

ಹುಟ್ಟು ಹಾಕುವುದೂ ಬರುತ್ತಿರಲಿಲ್ಲ. ಬಲಗೈ ಎಳೆದರೆ ಎಡಕ್ಕೆ, ಎಡಗೈ ಎಳೆದರೆ ಬಲಕ್ಕೆ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿದಂತೆ ಅಲ್ಲೇ ಸುತ್ತಿದೆ. ದಡದಲ್ಲಿ ಹನ್ನೊಂದು ಜನ, ಮಾತೇ ಆಡದ ಆ ಹನ್ನೊಂದು ಜನ, ಒಬ್ಬೊಬ್ಬರು ಒಂದೊಂದು ಸಲಹೆ ಕೂಗುತ್ತಿದ್ದರು. ಥೇಟ್ ಕಲಾಸಿಪಾಳ್ಯ. ನಾನು ಬಗ್ಗಿ ಮೂತಿಯ ಒಳಗೆ ಕೈಯಾಡಿಸಿದೆ. ಒಣಗಿತ್ತು.

ಸಂಜೆ ಓಲಾವ್ ಊಟದ ಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು ಕೊಟ್ಟರು. ಸರ್ಟಿಫಿಕೇಟು. ಭಾಷಣವಿಲ್ಲ, ಹಾರವಿಲ್ಲ. ಕೈ ಕುಲುಕಿದರು, ಬಲವಾಗಿ. “ಖಾರ ಇನ್ನೊಂದು ಸಲ ಕಳಿಸು. ಸ್ವಲ್ಪ” ಎಂದರು.

ಹೊಂಗೆ ಮರದ ಕೆಳಗೆ

ಬೆಂಗಳೂರಿಗೆ ಬಂದ ಬೆಳಿಗ್ಗೆ ಸೂಟ್‌ಕೇಸು ಮನೆಯಲ್ಲಿಟ್ಟು ನೇರ ಗಾಡಿಯ ಹತ್ತಿರ ಹೋದೆ. ಗೋವಿಂದಪ್ಪ ಮಾವ ಮಂಡಿಯಿಂದ ಬಂದು ಆಗಲೇ ಅಲ್ಲಿ ಬೀಡಿ ಹಚ್ಚಿಕೊಂಡು ನಿಂತಿದ್ದರು. “ಏನಮ್ಮ, ಮುಳುಗ್ತಾ ತೇಲ್ತಾ?” ಎಂದರು. “ತೇಲ್ತು ಮಾವ” ಎಂದೆ. ಅವರು ಬೀಡಿ ಎಸೆದು, “ಕಾಫಿ ಹೇಳ್ತೀನಿ ಇರು” ಎಂದು ಹೊರಟರು.

ಸರ್ಟಿಫಿಕೇಟನ್ನು ಅಪ್ಪನ ಕೈಗೆ ಕೊಟ್ಟೆ. ಅವರು ಮಸಿ ಕೈಯನ್ನು ಪಂಚೆಗೆ ಎರಡು ಸಲ ಒರೆಸಿಕೊಂಡು ಕವರಿನ ಅಂಚು ಮಾತ್ರ ಹಿಡಿದರು. ಇಂಗ್ಲಿಷ್ ಓದಲು ಬಾರದು. ಆದರೂ ಮೇಲಿನಿಂದ ಕೆಳಗಿನವರೆಗೆ ಸಾಲು ಸಾಲಾಗಿ ನೋಡಿದರು. ನಾನು ಎಲ್ಲವನ್ನೂ ಹೇಳಿದೆ: ನೆರಿಗೆ, ನೀರು ಚಿಮುಕಿಸಿದ್ದು, ಮಜ್ಜಿಗೆ ಬಣ್ಣ, ಕತ್ತರಿಸಿ ಇಟ್ಟಿದ್ದ ಆರನೇ ಪದರ. ಅಪ್ಪ ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ.

“ಅವ್ರು ಕಂಡುಹಿಡಿದ್ರಾ, ನೀನೇ ಹೇಳಿದ್ಯಾ?”

“ನಾನೇ ಹೇಳ್ದೆ ಅಪ್ಪ. ಕಾರಿನ ಹಿಂದೆ ಓಡಿ.”

ಅಪ್ಪ ಸರ್ಟಿಫಿಕೇಟನ್ನು ನನಗೆ ವಾಪಸ್ ಕೊಟ್ಟು, ಇಸ್ತ್ರಿಪೆಟ್ಟಿಗೆಯ ಕೆಂಡಕ್ಕೆ ಒಮ್ಮೆ ಗಾಳಿ ಹಾಕಿದರು.

“ನಿನ್ನ ವಯಸ್ಸಲ್ಲಿ ಒಬ್ರ ರೇಷ್ಮೆ ಸೀರೆ ಸುಟ್ಬಿಟ್ಟೆ ಕಣಮ್ಮ. ಸುಟ್ಟ ಜಾಗ ಒಳಗಡೆ ಬರೋ ಹಂಗೆ ಮಡಿಸಿ ಕೊಟ್ಟು ಬಂದೆ. ಇವತ್ತಿಗೂ ಆ ಬೀದೀಲಿ ಹೋಗಲ್ಲ ನಾನು, ಸುತ್ತು ಹಾಕ್ಕೊಂಡು ಹೋಗ್ತೀನಿ. ನೀನು ಆ ಊರಿಗೆ ಯಾವತ್ತು ಬೇಕಾದ್ರೂ ಹೋಗ್ಬೋದು ಬಿಡು.”